ಕಿಟ್ಟೆಲ್ ಒಬ್ಬರೇ ಅಲ್ಲ

(ಧಾರವಾಡದಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಹೆಚ್ಚು ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ.

ಗ್ರಂಥಾಲಯದಲ್ಲಿ ಯಾರಾದರೂ "ಕಿಟ್ಟೆಲ್ ತಗೊಂಡು ಬಾ" ಅಂದರೆ ನೀವು ಯಾವ ಕಪಾಟಿನ ಕಡೆ ಹೋಗುತ್ತೀರಿ? ಕನ್ನಡ ಎಂ.ಎ. ಓದುವವರು ಎರಡೂ ಕೈ ಹಾಕಿ ಎತ್ತಬೇಕಾದ ಒಂದು ದಪ್ಪ ನಿಘಂಟು ತರುತ್ತಾರೆ. ಭೌತಶಾಸ್ತ್ರದವರು, ಅಂದರೆ ನಮ್ಮ ಪಂಗಡದವರು, ಸಾಲಿಡ್ ಸ್ಟೇಟ್ ಫಿಸಿಕ್ಸ್ ಪಠ್ಯ ತರುತ್ತಾರೆ. ಕ್ರೈಸ್ತ ದೇವಶಾಸ್ತ್ರ ಓದುವವರಲ್ಲಿ ಮತ್ತೆ ಎರಡು ಪಂಗಡ. ಬೈಬಲ್ಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯವರಿಗೆ ಕಿಟ್ಟೆಲ್ ಎಂದರೆ ಹೀಬ್ರೂ ಬೈಬಲ್ಲಿನ ಒಂದು ಆವೃತ್ತಿ. ಎರಡನೆಯ ಭಾಗವಾದ ಹೊಸ ಒಡಂಬಡಿಕೆಯವರಿಗೆ ಹತ್ತು ಸಂಪುಟಗಳ ಗ್ರೀಕ್ ಪದಕೋಶ. ನಾಲ್ಕು ಕೃತಿ, ನಾಲ್ಕು ಬೇರೆ ಬೇರೆ ಮನುಷ್ಯರು, ಹೆಸರು ಒಂದೇ.

ಬರೆದವರ ಹೆಸರೇ ಪುಸ್ತಕದ ಹೆಸರಾಗಿಬಿಡುವ ಯೋಗ ಎಲ್ಲ ವಿದ್ವಾಂಸರಿಗೂ ಇರುವುದಿಲ್ಲ. ಒಂದೇ ಜರ್ಮನ್ ಅಡ್ಡಹೆಸರಿಗೆ ಅದು ನಾಲ್ಕು ಸಲ ಒದಗಿದೆ. ಹೆಸರು ಹೀಗೆ ಪುಸ್ತಕದ ಬೆನ್ನಿಗೆ ಅಂಟಿಕೊಂಡ ಮೇಲೆ ಹಿಂದಿನ ಮನುಷ್ಯ ಕಾಣದೆ ಹೋಗುತ್ತಾನೆ. ಅವನ ಒಳ್ಳೆಯದೂ ಕಾಣುವುದಿಲ್ಲ, ಕೆಟ್ಟದ್ದೂ ಕಾಣುವುದಿಲ್ಲ, ಜೊತೆಗೆ ದುಡಿದವರಂತೂ ಕಾಣುವುದೇ ಇಲ್ಲ. ಇವತ್ತು ಆ ಬೆನ್ನುಗಳನ್ನು ಸ್ವಲ್ಪ ತಿರುಗಿಸಿ ನೋಡೋಣ ಅಂತ ಬಂದಿದ್ದೇನೆ. ಕೊನೆಯಲ್ಲಿ ಇದೇ ಹೆಸರಿನಲ್ಲಿ ಹುಟ್ಟಿ ಅದನ್ನು ಕಳಚಿಟ್ಟು ನಡೆದ ಒಬ್ಬರ ಕಥೆಯನ್ನೂ ಹೇಳುತ್ತೇನೆ.

ಹೆಸರಿನ ಮಾತು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. ಜರ್ಮನ್ನಿನಲ್ಲಿ ಕಿಟ್ಟೆಲ್ ಅಂದರೆ ಮೈಮೇಲೆ ಸಡಿಲವಾಗಿ ತೊಡುವ ನಿಲುವಂಗಿ. ಅದನ್ನು ಹೊಲಿಯುವವರಿಗೋ ಸದಾ ತೊಡುವವರಿಗೋ ಹಿಂದೆ ಈ ಹೆಸರು ಬಿದ್ದು ಮನೆತನಕ್ಕೆ ಉಳಿದುಕೊಂಡಿತು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರಿನವರ ನಡುವೆ ಬೆಳೆದ ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಟೀಲರೆಲ್ಲ ಒಂದೇ ಮನೆಯವರಲ್ಲ ಎಂಬುದೂ ನಿಮಗೆ ಗೊತ್ತು. ನಾನು ಹೇಳಲಿರುವವರಲ್ಲಿ ತಂದೆ ಮಗ ಎಂಬ ಸಂಬಂಧ ಇಬ್ಬರಿಗೆ ಮಾತ್ರ. ಉಳಿದವರನ್ನು ನಾನು ಬಂಧುಗಳೆಂದು ಕಟ್ಟಿಹಾಕಲು ಹೋಗುವುದಿಲ್ಲ.

ಮೊದಲು ನಮ್ಮ ಕಿಟ್ಟೆಲ್. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ವಾಯವ್ಯ ಮೂಲೆಯಲ್ಲಿ ಉತ್ತರ ಸಮುದ್ರಕ್ಕೆ ತಾಗಿದ ಪೂರ್ವ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬಲ್ಲಿ. ತಂದೆ ಪಾದ್ರಿ. ಅದೇ 1832ರಲ್ಲಿ ಮದರಾಸಿನಲ್ಲಿ ವಿಲಿಯಂ ರೀವ್ ಎಂಬ ಇನ್ನೊಬ್ಬ ಪಾದ್ರಿಯ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿತ್ತು. ಅದನ್ನು ಹಿಂದಕ್ಕೆ ಹಾಕಲಿದ್ದ ಕೂಸು ಅದೇ ವರ್ಷ ಅಷ್ಟು ದೂರದಲ್ಲಿ ತೊಟ್ಟಿಲಲ್ಲಿತ್ತು.

ಬಾಸೆಲ್ ಮಿಷನ್ ಸೇರಿ 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಂದದ್ದು ಧರ್ಮಪ್ರಚಾರಕ್ಕೆ, ಕನ್ನಡ ಸೇವೆಗೆ ಅಲ್ಲ. ನಮ್ಮ ಸಭೆಗಳಲ್ಲಿ ಈ ಮಾತನ್ನು ನಯವಾಗಿ ದಾಟಿಸಿಬಿಡುತ್ತಾರೆ. ದಾಟಿಸಬೇಕಾದ ಅಗತ್ಯ ನನಗೇನೂ ಕಾಣುವುದಿಲ್ಲ. ಯೇಸುವಿನ ಕಥೆಯನ್ನು ಕನ್ನಡದವರಿಗೆ ಮುಟ್ಟಿಸಬೇಕಾದರೆ ಕನ್ನಡದವರು ಕಥೆ ಕೇಳುವ ರೀತಿಯಲ್ಲೇ ಹೇಳಬೇಕು ಎಂದು ಅವರಿಗೆ ಹೊಳೆಯಿತು. 1862ರಲ್ಲಿ 'ಕಥಾಮಾಲೆ' ಬಂತು: ಕ್ರಿಸ್ತನ ಚರಿತ್ರೆ, ಕುಮಾರವ್ಯಾಸನ ಷಟ್ಪದಿಯಲ್ಲಿ. ಷಟ್ಪದಿ ಕಟ್ಟಬೇಕಾದರೆ ಛಂದಸ್ಸು ಬೇಕು, ಛಂದಸ್ಸಿಗೆ ಹಳಗನ್ನಡ ಬೇಕು, ಹಳಗನ್ನಡಕ್ಕೆ ವ್ಯಾಕರಣ ಬೇಕು. ಪ್ರಚಾರಕ್ಕೆ ಬಂದವರು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಹೊರಬಂತು. ಮಂಗಳೂರು, ಧಾರವಾಡ, ಮಡಿಕೇರಿ ಎಂದು ಊರೂರು ತಿರುಗುತ್ತಲೇ ನಡೆದ ಕೆಲಸ ಇದು. 1864ರಲ್ಲಿ ಹೆಂಡತಿ ಪೌಲೀನ ತೀರಿಕೊಂಡರು. ಆಮೇಲೆ ಆಕೆಯ ತಂಗಿ ಯೂಲಿಯನ್ನು ಮದುವೆಯಾದರು. ಈ ನಡುವೆ ಕಣ್ಣು ಬೇರೆ ಕೈಕೊಡತೊಡಗಿತು.

ನಿಘಂಟು ಅಚ್ಚಾಗಿ ಬಂದದ್ದು 1894ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ. 1752 ಪುಟ, ಸುಮಾರು 70,000 ಪದ. ಈ ಎರಡು ಅಂಕಿ ನೀವು ಶಾಲೆಯಿಂದಲೇ ಕೇಳಿದ್ದೀರಿ. ಅಂಕಿಗಿಂತ ಒಂದು ಪುಟ ತೆರೆದು ನೋಡಿದರೆ ಹೆಚ್ಚು ತಿಳಿಯುತ್ತದೆ. ಪದ ಕನ್ನಡ ಲಿಪಿಯಲ್ಲಿದೆ, ಅರ್ಥ ಇಂಗ್ಲಿಷಿನಲ್ಲಿದೆ. ಅಷ್ಟಕ್ಕೇ ಬಿಡುವುದಿಲ್ಲ. ಅರ್ಥದ ಪಕ್ಕದಲ್ಲಿ ಒಂದು ಪುಟ್ಟ ಸಂಕೇತಾಕ್ಷರ ಇರುತ್ತದೆ. ಶಬ್ದಮಣಿದರ್ಪಣಕ್ಕೆ ಒಂದು ಸಂಕೇತ, ಬಸವಪುರಾಣಕ್ಕೆ ಇನ್ನೊಂದು, ಮೈಸೂರು ಕಡೆಯ ಬಳಕೆಗೆ ಮತ್ತೊಂದು, ಗಾದೆಯಲ್ಲಿ ಸಿಕ್ಕಿದ್ದರೆ ಅದಕ್ಕೂ ಒಂದು. ಕೆಳಗೆ ತಮಿಳು, ತೆಲುಗು, ಮಲೆಯಾಳ, ತುಳುವಿನ ಜ್ಞಾತಿಪದಗಳು, ಅಂದರೆ ಒಂದೇ ಮೂಲದ ಪದಗಳು. ನೋಡುವುದಕ್ಕೆ ಒಂದೇ ಥರ ಇದ್ದರೂ ಮೂಲ ಬೇರೆಯಾದ ಪದಗಳಿದ್ದರೆ 1, 2, 3 ಎಂದು ಅಂಕಿ ಹಾಕಿ ಬೇರೆ ಬೇರೆ ಕೂರಿಸುತ್ತಾರೆ. ಈ ಅರ್ಥ ನನ್ನದಲ್ಲ, ಇಂಥ ಕಡೆ ಸಿಕ್ಕಿತು, ಬೇಕಾದರೆ ಹೋಗಿ ನೋಡಿ ಎಂದು ಆ ಪುಟ್ಟ ಅಕ್ಷರಗಳು ಪ್ರತಿ ಸಾಲಿನಲ್ಲೂ ಹೇಳುತ್ತಿರುತ್ತವೆ. ಪ್ರಯೋಗಶಾಲೆಯಲ್ಲಿ ಜರ್ನಲ್ ಬರೆಯುವ ನಮ್ಮ ಹುಡುಗರಿಗೆ ನಾನು ಈ ಪುಟಗಳನ್ನು ತೋರಿಸುವುದುಂಟು: ರೀಡಿಂಗ್ ಎಲ್ಲಿಂದ ಬಂತು ಎಂದು ಬರೆಯುವ ಶಿಸ್ತು ಹೀಗಿರಬೇಕು.

ಮುನ್ನುಡಿಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಹುದಾದ ಪದಗಳ ಉದ್ದನೆಯ ಪಟ್ಟಿಯೊಂದನ್ನು ಅವರು ಅಲ್ಲಿ ಕೊಡುತ್ತಾರೆ. ಕನ್ನಡದ್ದೆಲ್ಲ ಸಂಸ್ಕೃತದಿಂದ ಇಳಿದು ಬಂದದ್ದು ಎಂದು ನಂಬಿದ್ದ ಕಾಲದಲ್ಲಿ ಸಾಲ ಎರಡೂ ಕಡೆಗೆ ನಡೆದಿದೆ ಎಂದು ಲೆಕ್ಕ ತೆಗೆದು ತೋರಿಸಿದ್ದು ಸಣ್ಣ ಧೈರ್ಯವಲ್ಲ.

ಇಷ್ಟೆಲ್ಲ ಒಬ್ಬರೇ ಮಾಡಿದ್ದೇ? ಇಲ್ಲ. ಓಲೆಗರಿ ಓದಿ ಹೇಳಿದ ಪಂಡಿತರು, ಗಾದೆ ಹೇಳಿಕೊಟ್ಟ ಮುನ್ಷಿಗಳು, ಮಂಗಳೂರಿನಲ್ಲಿ ಇಂಥ ಅಡ್ಡಾದಿಡ್ಡಿ ಸಂಕೇತಗಳ ಮೊಳೆ ಜೋಡಿಸಿದ ಅಚ್ಚುಮನೆಯವರು ಎಲ್ಲ ಇದರಲ್ಲಿದ್ದಾರೆ. ನಿಘಂಟಿನ ಬೆನ್ನ ಮೇಲೆ ಅವರಿಗೆ ಜಾಗ ಸಿಗಲಿಲ್ಲ. ಮುಂದೆ ಮದರಾಸು ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಇಡೀ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ತಂದರು. ಅದನ್ನು ಕೂಡ ಜನ 'ಕಿಟ್ಟೆಲ್' ಎಂದೇ ಕರೆಯುತ್ತಾರೆ. ಭಟ್ಟರ ದುಡಿಮೆ ಆ ಒಂದು ಹೆಸರಿನೊಳಗೆ ಕರಗಿಹೋಯಿತು. ಇದು ಅನ್ಯಾಯ ಎಂದು ನನ್ನ ಅಭಿಪ್ರಾಯ. ಆದರೆ ನಾಲಿಗೆಗೆ ಸುಲಭವಾದದ್ದು ಉಳಿಯುತ್ತದೆ, ಏನು ಮಾಡುವುದು?

1892ರಲ್ಲಿ ಫರ್ಡಿನಾಂಡ್ ಕಡೆಯ ಸಲ ಭಾರತ ಬಿಟ್ಟು ಟ್ಯೂಬಿಂಗನ್ ಎಂಬ ಊರಿನಲ್ಲಿ ನೆಲೆಸಿದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಸಮಾಧಿ ಟ್ಯೂಬಿಂಗನ್ನಿನಲ್ಲೇ ಇದೆ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ನೂರು ವರ್ಷ ಹಿಂದಕ್ಕೆ. ಸರಿಯಾಗಿ ನೂರು. 1732ರಲ್ಲಿ ಎರ್ಫರ್ಟ್ ಊರಿನಲ್ಲಿ ಯೋಹಾನ್ ಕ್ರಿಶ್ಚಿಯನ್ ಕಿಟ್ಟೆಲ್ ಹುಟ್ಟಿದರು. ಚರ್ಚಿನಲ್ಲಿ ನುಡಿಸುವ ಆರ್ಗನ್ ಎಂಬ ದೊಡ್ಡ ವಾದ್ಯದ ವಾದಕರು. ಹದಿನಾರನೆಯ ವಯಸ್ಸಿಗೆ ಲೈಪ್‌ಜಿಗ್‌ಗೆ ಹೋಗಿ ಮಹಾ ಸಂಗೀತಗಾರ ಬಾಖ್ ಅವರ ಶಿಷ್ಯರಾದರು. 1750ರಲ್ಲಿ ಬಾಖ್ ತೀರಿಕೊಂಡರು. ಹಾಗಾಗಿ ಕಡೆಯ ಶಿಷ್ಯರಲ್ಲಿ ಇವರೂ ಒಬ್ಬರು.

ಇವರು ಬರೆದಿಟ್ಟ ಒಂದು ನೆನಪು ನನಗೆ ಬಹಳ ಇಷ್ಟ. ಚರ್ಚಿನ ಸಂಗೀತದ ತಾಲೀಮು ನಡೆಯುವಾಗ ಶಿಷ್ಯರಲ್ಲಿ ಒಬ್ಬರು ಪಿಯಾನೊ ಥರದ ಹಾರ್ಪ್ಸಿಕಾರ್ಡ್ ಮೇಲೆ ಪಕ್ಕವಾದ್ಯ ನುಡಿಸಬೇಕು. ಹುಡುಗ ಕೊಟ್ಟ ಸ್ವರಗಳನ್ನಷ್ಟೇ ಬಡವಾಗಿ ನುಡಿಸುತ್ತಾ ಕೂತರೆ, ಹಿಂದಿನಿಂದ ಗುರುವಿನ ಕೈಗಳು ತಟ್ಟನೆ ಬಂದು ಹುಡುಗನ ಕೈಗಳ ಸಂದಿಯಲ್ಲೇ ಮನೆಗಳನ್ನು ಹಿಡಿದು, ಸ್ವರಮೇಳಗಳ ರಾಶಿಯನ್ನೇ ತುಂಬಿಬಿಡುತ್ತಿದ್ದವು. ಕಟ್ಟುನಿಟ್ಟಿನ ಗುರು ಹಾಗೆ ಮೈಗೆ ತಾಗುವಷ್ಟು ಹತ್ತಿರ ನಿಂತದ್ದಕ್ಕಿಂತ ಆ ನಾದ ತುಂಬಿಕೊಂಡ ಬಗೆಯೇ ಹೆಚ್ಚು ಬೆರಗು ಹುಟ್ಟಿಸುತ್ತಿತ್ತಂತೆ. ಹಿಂದುಸ್ತಾನಿ ಕಲಿಯುವವರು ಈ ಸಭೆಯಲ್ಲಿದ್ದಾರೆ. ಅವರ ಮುಖ ನೋಡಿದರೆ ಇದು ಅವರಿಗೂ ಆಗಿದೆ ಅನಿಸುತ್ತದೆ.

ಯೋಹಾನ್ ಕ್ರಿಶ್ಚಿಯನ್ ಮುಂದೆ ಎರ್ಫರ್ಟ್‌ಗೆ ಮರಳಿ, 1809ರಲ್ಲಿ ಸಾಯುವವರೆಗೂ ಅಲ್ಲೇ ಪಾಠ ಹೇಳಿದರು. ಅವರ ಮನೆಯಲ್ಲಿ ಬಾಖ್ ಅವರ ತೈಲಚಿತ್ರವೊಂದಿತ್ತು, ಅದಕ್ಕೊಂದು ಪರದೆ. ಶಿಷ್ಯ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಂದರೆ ಪರದೆ ಸರಿಸಿ ದರ್ಶನ ಮಾಡಿಸುತ್ತಿದ್ದರು. ಮೈಗಳ್ಳನಿಗೆ ಪರದೆಯ ಬಟ್ಟೆಯಷ್ಟೇ ದರ್ಶನ. ಆರ್ಗನ್ ಕಲಿಯುವವರಿಗಾಗಿ ಅವರು ಮೂರು ಭಾಗಗಳ ಪಠ್ಯವನ್ನೂ ಬರೆದರು. ಬಾಖ್ ಪರಂಪರೆ ಹತ್ತೊಂಬತ್ತನೆಯ ಶತಮಾನಕ್ಕೆ ಸಾಗಿದ ದಾರಿಗಳಲ್ಲಿ ಈ ಮನೆಪಾಠವೂ ಒಂದು.

ಎರ್ಫರ್ಟ್ ಪಕ್ಕದಲ್ಲೇ ಆರ್ನ್‌ಸ್ಟಾಟ್ ಎಂಬ ಸಣ್ಣ ಊರು. ಯುವಕ ಬಾಖ್ 1703ರಿಂದ 1707ರವರೆಗೆ ಅಲ್ಲಿ ಆರ್ಗನ್ ನುಡಿಸುತ್ತಿದ್ದರು. 1988ರಲ್ಲಿ ಅದೇ ಆರ್ನ್‌ಸ್ಟಾಟ್‌ನಲ್ಲಿ ಇನ್ನೊಬ್ಬ ಕಿಟ್ಟೆಲ್ ಹುಟ್ಟಿದ: ಮಾರ್ಸೆಲ್. ಸಂಗೀತಕ್ಕೂ ಇವನಿಗೂ ಸಂಬಂಧವಿಲ್ಲ. ಸೈಕಲ್ ಓಟದ ಸ್ಪ್ರಿಂಟರ್. ಟೂರ್ ಡಿ ಫ್ರಾನ್ಸ್‌ನಲ್ಲಿ ಒಟ್ಟು 14 ಹಂತ ಗೆದ್ದವನು. 2013ರ ಟೂರ್ ಓಟದ ಮೊದಲ ದಿನ ಕೋರ್ಸಿಕಾ ದ್ವೀಪದ ಬಾಸ್ಟಿಯಾದಲ್ಲಿ ಒಂದು ತಂಡದ ಬಸ್ಸು ಗೆಲುವಿನ ಗೆರೆಯ ಕಮಾನಿಗೆ ಸಿಕ್ಕಿಹಾಕಿಕೊಂಡು ಸಂಘಟಕರೆಲ್ಲ ಕಂಗಾಲಾಗಿದ್ದರು. ಗೆರೆ ಎಲ್ಲಿ ಎಂದೇ ಗೊಂದಲ. ಬಸ್ಸು ಸರಿಯಿತು, ಇವನು ಗೆದ್ದ, ಓಟದಲ್ಲಿ ಮುಂದಿರುವವನಿಗೆ ಕೊಡುವ ಹಳದಿ ಅಂಗಿ ತೊಟ್ಟ. 2017ರಲ್ಲಿ ಒಂದು ಹಂತವನ್ನು ಆರು ಮಿಲಿಮೀಟರ್ ಅಂತರದಲ್ಲಿ ಗೆದ್ದ. ಸೆಕೆಂಡಿನಲ್ಲಿ ಹೇಳಬೇಕಾದರೆ 0.0003. ನಮ್ಮ ಲ್ಯಾಬಿನ ಸ್ಟಾಪ್‌ವಾಚಿಗೆ ಎಟುಕುವ ಮಾತಲ್ಲ. 2019ರಲ್ಲಿ, ಮೂವತ್ತೊಂದನೆಯ ವಯಸ್ಸಿಗೇ, ಸಾಕು ಎಂದು ನಿವೃತ್ತನಾದ.

ತಂದೆ ಮಗನ ಜೋಡಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ರುಡಾಲ್ಫ್ ಕಿಟ್ಟೆಲ್ ಹುಟ್ಟಿದ್ದು 1853ರಲ್ಲಿ, ಅಂದರೆ ಫರ್ಡಿನಾಂಡ್ ಮಂಗಳೂರಿಗೆ ಬಂದ ವರ್ಷ. ಬ್ರೆಸ್ಲಾವ್‌ನಲ್ಲೂ ಆಮೇಲೆ ಲೈಪ್‌ಜಿಗ್‌ನಲ್ಲೂ ಹಳೆಯ ಒಡಂಬಡಿಕೆಯ ಪ್ರಾಧ್ಯಾಪಕರು. 1906ರಲ್ಲಿ ಅವರ ಸಂಪಾದಕತ್ವದಲ್ಲಿ 'ಬಿಬ್ಲಿಯಾ ಹೆಬ್ರಾಯಿಕಾ' ಎಂಬ ಹೀಬ್ರೂ ಬೈಬಲ್ ಬಂತು. ಪುಟದ ಮೇಲ್ಭಾಗದಲ್ಲಿ ಮೂಲ ಪಾಠ. ಕೆಳಗೆ ಸಣ್ಣ ಅಕ್ಷರದಲ್ಲಿ ಪಾಠಾಂತರಗಳು: ಗ್ರೀಕ್ ಅನುವಾದದಲ್ಲಿ ಹೀಗಿದೆ, ಇಂಥ ಹಸ್ತಪ್ರತಿಯಲ್ಲಿ ಹಾಗಿದೆ, ಇಲ್ಲಿ ಹೀಗೆ ಓದುವುದು ಲೇಸು. ನಮ್ಮಲ್ಲಿ ಪಂಪನನ್ನೋ ರನ್ನನನ್ನೋ ಸಂಪಾದಿಸಿದವರು ಮಾಡುವ ಕೆಲಸವೇ ಇದು. ಸಂಪಾದಕರು ತಿದ್ದಲು ಸ್ವಲ್ಪ ಹೆಚ್ಚೇ ಉತ್ಸಾಹ ತೋರಿಸಿದ್ದಾರೆ ಎಂಬ ಟೀಕೆಯೂ ಬಂತು.

ಮೊದಲ ಎರಡು ಆವೃತ್ತಿಗಳಿಗೆ ಆಧಾರ ಹದಿನಾರನೆಯ ಶತಮಾನದಲ್ಲಿ ವೆನಿಸ್‌ನಲ್ಲಿ ಅಚ್ಚಾದ ಪಾಠ. ಮೂರನೆಯ ಆವೃತ್ತಿಗೆ ಪೌಲ್ ಕಾಲೆ ಎಂಬ ವಿದ್ವಾಂಸರು ಇನ್ನೂ ಹಳೆಯದಕ್ಕೆ ಹೋಗೋಣ ಎಂದರು. ಸುಮಾರು ಕ್ರಿ.ಶ. 1008ರ, ಲೆನಿನ್‌ಗ್ರಾಡ್‌ನಲ್ಲಿದ್ದ ಕೈಬರಹದ ಪ್ರತಿಯನ್ನು ಎರವಲು ತಂದು ಲೈಪ್‌ಜಿಗ್‌ನಲ್ಲಿ ಫೋಟೊ ತೆಗೆಸಲಾಯಿತು. ಇಡೀ ಹೀಬ್ರೂ ಬೈಬಲ್ ಪೂರ್ತಿಯಾಗಿ ಉಳಿದಿರುವ ಹಸ್ತಪ್ರತಿಗಳಲ್ಲಿ ಅದೇ ಅತಿ ಹಳೆಯದು. ಆವೃತ್ತಿ ಪೂರ್ಣವಾದದ್ದು 1937ರಲ್ಲಿ. ಅಷ್ಟರಲ್ಲಿ ರುಡಾಲ್ಫ್ ತೀರಿಕೊಂಡು ಎಂಟು ವರ್ಷವಾಗಿತ್ತು. ಆದರೂ ಸಂಕ್ಷೇಪದಲ್ಲಿ ಅದು ಬಿ.ಎಚ್.ಕೆ.; ಆ ಕೆ ಅಂದರೆ ಕಿಟ್ಟೆಲ್. ಮರಿಯಪ್ಪ ಭಟ್ಟರಿಗೆ ಆದದ್ದೇ ಕಾಲೆಗೂ ಆಯಿತು. ಕಾಲೆಯ ಕಥೆ ಇನ್ನೊಂದು ಸ್ವಲ್ಪ ಇದೆ: 1938ರ ನವೆಂಬರಿನಲ್ಲಿ ಯಹೂದಿಗಳ ಅಂಗಡಿಗಳನ್ನು ಒಡೆದಾಗ ಅವರ ಹೆಂಡತಿ, ಮಕ್ಕಳು ಒಬ್ಬ ಯಹೂದಿ ಹೆಂಗಸಿಗೆ ಅಂಗಡಿ ಚೊಕ್ಕ ಮಾಡಲು ನೆರವಾದರು. ಆ ಒಂದು ತಪ್ಪಿಗೆ ಬಾನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಕುಟುಂಬ ಸಮೇತ ಇಂಗ್ಲೆಂಡಿಗೆ ಓಡಬೇಕಾಯಿತು.

ರುಡಾಲ್ಫ್ ಅವರ ಮಗ ಗೆರ್ಹಾರ್ಡ್ ಕಿಟ್ಟೆಲ್ ನಡೆದ ದಾರಿ ಬೇರೆ. 1888ರಲ್ಲಿ ಹುಟ್ಟು. 1926ರಿಂದ ಟ್ಯೂಬಿಂಗನ್ನಿನಲ್ಲಿ ಹೊಸ ಒಡಂಬಡಿಕೆಯ ಪ್ರಾಧ್ಯಾಪಕ. ಹೌದು, ಫರ್ಡಿನಾಂಡ್ ಸಮಾಧಿ ಇರುವ ಅದೇ ಊರು. ಗೆರ್ಹಾರ್ಡ್ ಕೂಡ ಕೈಹಾಕಿದ್ದು ಪದಕೋಶಕ್ಕೇ: ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೇವಶಾಸ್ತ್ರೀಯ ಕೋಶ. ಒಂದೊಂದು ಪದಕ್ಕೂ ಒಂದೊಂದು ಲೇಖನ, ಕೆಲವು ಪುಸ್ತಕದಷ್ಟು ಉದ್ದ. ಬುಲ್ಟ್‌ಮನ್ ಅಂಥ ದೊಡ್ಡ ದೇವಶಾಸ್ತ್ರಜ್ಞರೂ ಬರೆದರು. ಮೊದಲ ಸಂಪುಟ 1933ರಲ್ಲಿ ಬಂತು.

1933 ಅಂದೊಡನೆ ನಿಮಗೆ ನೆನಪಾಗುವುದು ಬೇರೆ. ಅದೇ ವರ್ಷದ ಮೇ 1ರಂದು ಗೆರ್ಹಾರ್ಡ್ ನಾಜಿ ಪಕ್ಷ ಸೇರಿದರು. ಜೂನ್ 1ರಂದು ಟ್ಯೂಬಿಂಗನ್ನಿನಲ್ಲಿ 'ಯಹೂದಿ ಸಮಸ್ಯೆ' ಕುರಿತು ಬಹಿರಂಗ ಉಪನ್ಯಾಸ ಕೊಟ್ಟು, ಅದನ್ನೇ ಪುಸ್ತಕವಾಗಿ ಅಚ್ಚು ಹಾಕಿಸಿದರು. ಜರ್ಮನಿಯ ಯಹೂದಿಗಳನ್ನು ಸಮಾನ ಪ್ರಜೆಗಳಾಗಿ ಇಟ್ಟುಕೊಳ್ಳಬಾರದು, ಪರದೇಶದ ಅತಿಥಿಗಳಂತೆ ಇಡಬೇಕು ಎಂಬುದು ಅವರ ವಾದ. ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಬಹಿರಂಗ ಪತ್ರ ಬರೆದು ಉತ್ತರಿಸಿದರು. ಗೆರ್ಹಾರ್ಡ್ ಹಿಂದೆ ಸರಿಯಲಿಲ್ಲ. ನಾಜಿ ಇತಿಹಾಸಕಾರರು ಕಟ್ಟಿದ ಸಂಸ್ಥೆಗೆ ಸೇರಿ ಯಹೂದಿದ್ವೇಷಕ್ಕೆ ಪಾಂಡಿತ್ಯದ ಮುದ್ರೆ ಒತ್ತುತ್ತಾ ಹೋದರು.

ಏನೂ ಗೊತ್ತಿಲ್ಲದವನ ದ್ವೇಷ ಆಗಿದ್ದರೆ ಬೇರೆ ಮಾತು. 1920ರ ದಶಕದಲ್ಲಿ ಇದೇ ಮನುಷ್ಯ, ಯಹೂದಿ ರಬ್ಬಿಗಳ ಗ್ರಂಥ ಓದದೆ ಹೊಸ ಒಡಂಬಡಿಕೆ ಅರ್ಥವಾಗುವುದಿಲ್ಲ ಎಂದು ಹೇಳುತ್ತಿದ್ದರು, ಯಹೂದಿ ವಿದ್ವಾಂಸರ ಜೊತೆ ಕೂತು ಕಲಿತವರು. ಕಲಿತದ್ದನ್ನೇ ಆಯುಧ ಮಾಡಿಕೊಂಡರು. 1945ರ ಮೇ ತಿಂಗಳಲ್ಲಿ ಫ್ರೆಂಚ್ ಸೇನೆ ಬಂಧಿಸಿತು. ಸೆರೆ, ಆಮೇಲೆ ಊರಿಗೆ ಬರಬಾರದೆಂಬ ನಿರ್ಬಂಧ. ಟ್ಯೂಬಿಂಗನ್ನಿಗೆ ಮರಳಲು ಬಿಟ್ಟದ್ದು 1948ರಲ್ಲಿ. ಅದೇ ಜುಲೈನಲ್ಲಿ ಸತ್ತರು.

ಕೋಶದ ಕೆಲಸ ಮಾತ್ರ ನಿಲ್ಲಲಿಲ್ಲ. ಅವರು ಸಂಪಾದಿಸಿದ್ದು ಮೊದಲ ನಾಲ್ಕು ಸಂಪುಟ. ಉಳಿದದ್ದನ್ನು ಗೆರ್ಹಾರ್ಡ್ ಫ್ರೀಡ್‌ರಿಚ್ ಎಂಬುವರು ಮುಗಿಸಿದರು. 1964ರಿಂದ ಇಂಗ್ಲಿಷಿಗೂ ಬಂತು. ಜಗತ್ತಿನ ಪಾದ್ರಿಗಳ ಕೋಣೆಗಳಲ್ಲಿ 'ಕಿಟ್ಟೆಲ್' ಎಂಬ ಹತ್ತು ಸಂಪುಟಗಳು ನಿಂತವು. ಭಾನುವಾರದ ಪ್ರವಚನಕ್ಕೆ ಅದನ್ನು ತೆರೆಯುವ ಎಷ್ಟೋ ಮಂದಿಗೆ ಬೆನ್ನ ಮೇಲಿನ ಹೆಸರಿನ ಚರಿತ್ರೆ ಗೊತ್ತಿರುವುದಿಲ್ಲ. 1961ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಈ ಕೋಶದ ವಿಧಾನವನ್ನೇ ಹಿಡಿದು ಝಾಡಿಸಿದರು. ರಾಜಕೀಯದ ಮಾತಲ್ಲ, ಭಾಷೆಯ ಮಾತು. ಒಂದು ಪದ ಬೇರೆ ಬೇರೆ ಕಡೆ ಪಡೆದ ಅರ್ಥಗಳನ್ನೆಲ್ಲ ಒಟ್ಟು ಗುಡ್ಡೆ ಹಾಕಿ, ಆ ಇಡೀ ಗುಡ್ಡೆಯನ್ನು ಪ್ರತಿ ವಾಕ್ಯದ ತಲೆಯ ಮೇಲೂ ಹೊರಿಸುತ್ತೀರಿ, ಪದಕ್ಕೂ ಸಿದ್ಧಾಂತಕ್ಕೂ ವ್ಯತ್ಯಾಸವೇ ಇಲ್ಲದಂತೆ ಮಾಡುತ್ತೀರಿ ಎಂಬುದು ಅವರ ಆಕ್ಷೇಪದ ಸಾರ.

ಇದನ್ನು ಓದಿದಾಗ ನನಗೆ ಫರ್ಡಿನಾಂಡ್ ಹಾಕಿದ 1, 2, 3 ಅಂಕಿಗಳು ನೆನಪಾದವು. ಒಬ್ಬರು ಅರ್ಥಗಳನ್ನು ಬಿಡಿಸಿ, ಸಿಕ್ಕ ಜಾಗದ ಚೀಟಿ ಅಂಟಿಸಿ ಇಟ್ಟರು. ಇನ್ನೊಬ್ಬರ ಕೋಶ ಎಲ್ಲವನ್ನೂ ಒಂದು ಸಿದ್ಧಾಂತದೊಳಗೆ ಸೇರಿಸಲು ಹೊರಟಿತು. ಇಬ್ಬರೂ ಭಕ್ತ ಕ್ರೈಸ್ತರು, ಇಬ್ಬರೂ ಮಹಾ ವಿದ್ವಾಂಸರು, ಕಡೆಗಾಲ ಕಳೆದದ್ದು ಒಂದೇ ಊರಿನಲ್ಲಿ. ಫರ್ಡಿನಾಂಡ್ ಎಲ್ಲ ಪೂರ್ವಗ್ರಹ ಬಿಟ್ಟ ಸಂತರು ಅಂತ ನಾನು ಹೇಳುತ್ತಿಲ್ಲ. ಲಿಂಗಪೂಜೆಯ ಮೂಲದ ಬಗ್ಗೆ ಬರೆಯುವಾಗ ಅವರು ಪಾದ್ರಿಯೇ. ಆದರೆ ನಿಘಂಟಿನ ಸಾಲಿನಲ್ಲಿ ಪದ ಆಡುವ ಜನರನ್ನು ಮೀರಿ ತಮ್ಮ ಮಾತು ತುರುಕುವುದನ್ನು ಅವರು ತಡೆದುಕೊಂಡರು. ಕೆಲಸದ ಮಟ್ಟದಲ್ಲಿ ಅದು ದೊಡ್ಡ ಸಂಯಮ.

ಆ ಕಾಲದ ಇನ್ನಿಬ್ಬರ ಮಾತು ಬೇಗ ಮುಗಿಸುತ್ತೇನೆ, ಇಬ್ಬರ ಹೆಸರೂ ಬ್ರೂನೊ ಕಿಟ್ಟೆಲ್. ಒಬ್ಬರು ಬರ್ಲಿನ್ನಿನಲ್ಲಿ ದೊಡ್ಡ ಗಾಯನವೃಂದ ಕಟ್ಟಿದವರು. 1942ರಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದ ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಹೆಸರಾಂತ ಧ್ವನಿಮುದ್ರಣದಲ್ಲಿ, ಮನುಷ್ಯರೆಲ್ಲ ಸೋದರರು ಎಂದು ಹಾಡುವುದು ಈ ಬ್ರೂನೊ ಕಿಟ್ಟೆಲ್ ವೃಂದ. ಇನ್ನೊಬ್ಬ ಎಸ್‌.ಎಸ್. ಎಂಬ ನಾಜಿ ಪಡೆಯ ಅಧಿಕಾರಿ, 1943ರ ಸೆಪ್ಟೆಂಬರಿನಲ್ಲಿ ವಿಲ್ನಿಯಸ್ ನಗರದ ಯಹೂದಿ ಕೇರಿಯನ್ನು ಖಾಲಿ ಮಾಡಿಸಿ ಜನರನ್ನು ಸಾವಿಗೆ ಕಳಿಸಿದವನು. ಹುಡುಕುವಾಗ ಇಬ್ಬರನ್ನು ಕಲಸಬೇಡಿ.

ಈಗ ನಮ್ಮ ವಿಷಯ. ಚಾರ್ಲ್ಸ್ ಕಿಟ್ಟೆಲ್ 1916ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದರು, 2019ರಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದಲ್ಲಿದ್ದು, 1951ರಿಂದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಘನವಸ್ತುಗಳ ಭೌತಶಾಸ್ತ್ರಕ್ಕೆ ಅವರ ಪ್ರವೇಶಿಕೆ ಮೊದಲು ಬಂದದ್ದು 1953ರಲ್ಲಿ. ಟ್ರಾನ್ಸಿಸ್ಟರ್ ಹುಟ್ಟಿ ಆರೇ ವರ್ಷ ಆಗಿತ್ತು. ಸಾಲಿಡ್ ಸ್ಟೇಟ್ ಎಂಬುದು ಒಂದು ಪಾಠವಿಷಯ ಅಂತಲೇ ಹಲವು ಕಡೆ ಇರಲಿಲ್ಲ. ಏನು ಮೊದಲು, ಏನು ಆಮೇಲೆ ಎಂಬ ಕ್ರಮವನ್ನು ಈ ಪುಸ್ತಕ ಕೂರಿಸಿಕೊಟ್ಟಿತು. ಹರಳಿನ ರಚನೆ ಮೊದಲ ಅಧ್ಯಾಯ. ಎರಡನೆಯದರಲ್ಲಿ ರೆಸಿಪ್ರೊಕಲ್ ಲ್ಯಾಟಿಸ್, ಎಂ.ಎಸ್‌ಸಿ. ಹುಡುಗರ ಮುಖ ಬಾಡುವುದು ಅಲ್ಲಿ. ಎಂಟು ಆವೃತ್ತಿ ಕಂಡ ಪುಸ್ತಕ, ಆದರೆ ಒಂದು ಮಾತು ಹೇಳಲೇಬೇಕು: ಕಿಟ್ಟೆಲ್ ಓದಿ ಸಾಲಿಡ್ ಸ್ಟೇಟ್ ಕಲಿತೆ ಅನ್ನುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಬರವಣಿಗೆ ಬಲು ಬಿಗಿ. ಒಂದು ಸಮೀಕರಣದಿಂದ ಮುಂದಿನದಕ್ಕೆ ನೀವೇ ಹಾರಬೇಕು. ಮೊದಲೇ ಗೊತ್ತಿದ್ದವರಿಗೆ ಬಲು ಸೊಗಸು.

ಅವರ ಸ್ವಂತ ಸಂಶೋಧನೆಯೂ ಕಡಿಮೆಯದಲ್ಲ. ಲೋಹದೊಳಗೆ ದೂರದೂರ ಕೂತ ಎರಡು ಕಾಂತೀಯ ಪರಮಾಣುಗಳು, ನಡುವೆ ಓಡಾಡುವ ಎಲೆಕ್ಟ್ರಾನುಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. 1954ರಲ್ಲಿ ರೂಡರ್‌ಮನ್ ಮತ್ತು ಕಿಟ್ಟೆಲ್ ಇಂಥ ಒಂದು ಲೆಕ್ಕ ಮಾಡಿದರು, ಕಸುಯಾ ಮತ್ತು ಯೋಸಿದ ಎಂಬ ಇಬ್ಬರು ಜಪಾನೀಯರು ಮುಂದುವರಿಸಿದರು. ಇವತ್ತು ಅದು ಆರ್‌.ಕೆ.ಕೆ.ವೈ. ಇಲ್ಲಾದರೂ ನಾಲ್ಕು ಜನಕ್ಕೂ ಒಂದೊಂದು ಅಕ್ಷರ ಸಿಕ್ಕಿತು, ಸಂತೋಷ.

ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ವಿಜ್ಞಾನ ಕಾಲೇಜು ಇದೆಯಲ್ಲ, ಅದಕ್ಕೆ ಈ ಚಾರ್ಲ್ಸ್ ಹೆಸರನ್ನೇ ಇಟ್ಟಿದ್ದಾರೆ ಅಂದುಕೊಂಡವರನ್ನು ನಾನು ನೋಡಿದ್ದೇನೆ. ಇಟ್ಟದ್ದು ಫರ್ಡಿನಾಂಡ್ ಹೆಸರನ್ನು. ಆದರೂ ಅವರದೇನೂ ತಪ್ಪಿಲ್ಲ, ತರ್ಕ ಸರಿಯಾಗೇ ಇದೆ.

ಇನ್ನು ಹೆಸರು ಕಳಚಿಟ್ಟವರು. 1945ರ ಏಪ್ರಿಲ್ 27ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯಲ್ಲಿ ಫ್ರೆಡರಿಕ್ ಆಗಸ್ಟ್ ಕಿಟ್ಟೆಲ್ ಎಂಬ ಮಗು ಹುಟ್ಟಿತು. ತಂದೆಯ ಹೆಸರೂ ಅದೇ. ಯುರೋಪಿನಿಂದ ವಲಸೆ ಬಂದ ಜರ್ಮನ್ ಭಾಷಿಕ, ಬೇಕರಿ ಕೆಲಸಗಾರ. ತಾಯಿ ಡೇಸಿ ವಿಲ್ಸನ್ ಕಪ್ಪು ಜನಾಂಗದ ಹೆಂಗಸು, ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದಾಕೆ. ತಂದೆ ಮನೆಗೆ ಬರುವುದೇ ಅಪರೂಪ.

ಹುಡುಗ ಹದಿನೈದರವನಿದ್ದಾಗ ನೆಪೋಲಿಯನ್ ಬಗ್ಗೆ ಶಾಲೆಗೆ ಒಂದು ದೀರ್ಘ ಪ್ರಬಂಧ ಬರೆದುಕೊಂಡು ಹೋದ. ಇಷ್ಟು ಚೆನ್ನಾಗಿ ನೀನು ಬರೆದಿರಲಾರೆ, ಕದ್ದಿದ್ದೀಯ ಎಂದರು ಮೇಷ್ಟ್ರು. ಶಾಲೆ ಬಿಟ್ಟ. ತಾಯಿಗೆ ಹೇಳುವ ಧೈರ್ಯವಿಲ್ಲ. ದಿನವೂ ಶಾಲೆಯ ಹೊತ್ತಿಗೆ ಮನೆಯಿಂದ ಹೊರಟು ಕಾರ್ನೆಗಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು ಓದಿದ. ಮುಂದೆ ಆ ಗ್ರಂಥಾಲಯವೇ ಇವರಿಗೆ ಗೌರವದ ಡಿಪ್ಲೊಮಾ ಕೊಟ್ಟಿತು. ಮೇಷ್ಟ್ರ ಕೆಲಸ ಮಾಡಿದವನಾಗಿ ಈ ಭಾಗ ಹೇಳುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ.

1965ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ, ಅಕ್ಕನ ಕಾಲೇಜಿಗೆ ಒಂದು ಪ್ರಬಂಧ ಬರೆದುಕೊಟ್ಟದ್ದಕ್ಕೆ ಸಿಕ್ಕ ಇಪ್ಪತ್ತು ಡಾಲರಿನಲ್ಲಿ ಹಳೆಯದೊಂದು ಟೈಪ್‌ರೈಟರ್ ಕೊಂಡರು. ಹಾಳೆ ತೂರಿಸಿ, ತನ್ನ ಹೆಸರನ್ನೇ ಹಿಂದುಮುಂದು ಮಾಡಿ ಬೇರೆ ಬೇರೆ ರೀತಿ ಟೈಪ್ ಮಾಡಿ ನೋಡಿದರಂತೆ. ಕೊನೆಗೆ ನಿಂತದ್ದು: ಆಗಸ್ಟ್ ವಿಲ್ಸನ್. ವಿಲ್ಸನ್ ತಾಯಿಯದು.

ಆ ಹೆಸರಿನಲ್ಲಿ ಬರೆದದ್ದು ಹತ್ತು ನಾಟಕಗಳ ಒಂದು ಮಾಲೆ. ಇಪ್ಪತ್ತನೆಯ ಶತಮಾನದ ಒಂದೊಂದು ದಶಕಕ್ಕೆ ಒಂದೊಂದು ನಾಟಕ. ಒಂದನ್ನು ಬಿಟ್ಟು ಉಳಿದ ಒಂಬತ್ತೂ ನಡೆಯುವುದು ತಾನು ಹುಟ್ಟಿದ ಅದೇ ಹಿಲ್ ಡಿಸ್ಟ್ರಿಕ್ಟ್‌ನಲ್ಲಿ. ಕಸದ ಗಾಡಿಯವರು, ಟ್ಯಾಕ್ಸಿ ಓಡಿಸುವವರು, ಬ್ಲೂಸ್ ಹಾಡುವವರು ಅಲ್ಲಿನ ಪಾತ್ರಗಳು. ಹೋಟೆಲು, ಅಂಗಡಿಕಟ್ಟೆಗಳಲ್ಲಿ ಕೂತು ಕಿವಿಯಿಂದ ಹಿಡಿದ ಮಾತು. 1987ರಲ್ಲೂ 1990ರಲ್ಲೂ ಎರಡು ಸಲ ಪುಲಿಟ್ಜರ್ ಬಹುಮಾನ ಬಂತು.

ತಂದೆ ಬಿಳಿಯ, ಹಾಗಿದ್ದೂ ತಾನು ಕಪ್ಪು ಲೇಖಕ ಎಂದೇಕೆ ಹೇಳಿಕೊಳ್ಳುತ್ತೀರಿ ಎಂದು ಅವರನ್ನು ಕೇಳುವವರಿದ್ದರು. ತನ್ನನ್ನು ಬೆಳೆಸಿದ್ದು ತಾಯಿಯ ಜನ, ತಾಯಿಯ ಸಂಸ್ಕೃತಿ ಎಂಬುದು ಅವರ ನಿಲುವು. 1996ರಲ್ಲಿ ಪ್ರಿನ್ಸ್‌ಟನ್‌ನ ಭಾಷಣದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಬಿಳಿಯರಿಗಾಗಿ ಬರೆದ ನಾಟಕಗಳಲ್ಲಿ ಕಪ್ಪು ನಟರನ್ನು ತುಂಬುವುದು ಉಪಕಾರವಲ್ಲ, ನಮಗೆ ನಮ್ಮದೇ ರಂಗಭೂಮಿ ಬೇಕು ಎಂದರು. ದೊಡ್ಡ ಜಗಳವಾಯಿತು. ಅವರ ವಾದದ ಆ ಭಾಗ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬ ನಟ ಯಾವ ಪಾತ್ರ ಮಾಡಬೇಕೆಂದು ಹುಟ್ಟು ಹೇಳಬಾರದು. ಆದರೆ ತನ್ನ ಹೆಸರು ಏನಿರಬೇಕೆಂದು ಹೇಳುವ ಹಕ್ಕು ಅವರದೇ.

ಮಾಲೆಯ ಹತ್ತನೆಯ ನಾಟಕ 2005ರಲ್ಲಿ ರಂಗಕ್ಕೆ ಬಂತು. ಅದೇ ಅಕ್ಟೋಬರ್ 2ರಂದು ಅವರು ಸಿಯಾಟಲ್‌ನಲ್ಲಿ ತೀರಿಕೊಂಡರು. ಎರಡು ವಾರದ ಮೇಲೆ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಮಂದಿರವೊಂದಕ್ಕೆ ಅವರ ಹೆಸರಿಟ್ಟರು. ಬ್ರಾಡ್‌ವೇಯಲ್ಲಿ ಕಪ್ಪು ಅಮೆರಿಕನ್ನರೊಬ್ಬರ ಹೆಸರು ಹೊತ್ತ ಮೊದಲ ರಂಗಮಂದಿರ ಅದು. ಅದರ ಹೆಸರು ಆಗಸ್ಟ್ ವಿಲ್ಸನ್ ಥಿಯೇಟರ್. ಮನೆಗೆ ಬಾರದ ತಂದೆಯಿಂದ ಬಂದ ಆಗಸ್ಟ್ ಎಂಬುದನ್ನು ಮಾತ್ರ ಅವರು ಕೊನೆಯವರೆಗೂ ಬಿಟ್ಟುಕೊಟ್ಟಿರಲಿಲ್ಲ. ಏಕೆ ಎಂದು ಊಹಿಸುವುದನ್ನು ನಿಮಗೇ ಬಿಡುತ್ತೇನೆ. ನಮಸ್ಕಾರ.